*ಹಾಲುಹಲ್ಲೆಲ್ಲ ಬೀಳಲಿ ಎಂದು ಕಾಯುವ ಮುನ್ನ ಇದನ್ನು ಓದಿ*

"ಇನ್ನೂ ಹಾಲುಹಲ್ಲು, ಎಲ್ಲ ಬಿದ್ದ ಮೇಲೆ ಕ್ಲಿಪ್ ಹಾಕಿಸಿದರಾಯಿತು." ಮಕ್ಕಳ ಹಲ್ಲಿನ ಮಾತು ಬಂದಾಗ ಮನೆಯ ಹಿರಿಯರು ಹೇಳುವುದು ಇದನ್ನೇ. ಹಲ್ಲು ಸ್ವಲ್ಪ ಒತ್ತೊತ್ತಾಗಿದೆ, ಒಂದು ಹಲ್ಲು ತಿರುಗಿದೆ ಅಷ್ಟೇ ಎಂದಾದರೆ ಈ ಮಾತು ಬಹುಮಟ್ಟಿಗೆ ಸರಿ. ಆದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿನೊಂದಿಗೆ ಕೂಡುವ ರೀತಿಯೇ ತಪ್ಪಿದ್ದರೆ ಕಾಯುವುದರಿಂದ ನಷ್ಟ.

ಮನೆಯಲ್ಲೇ ನೋಡಿ. ಮಗುವಿಗೆ ಹಿಂದಿನ ಹಲ್ಲು ಕಚ್ಚಲು ಹೇಳಿ, ತುಟಿ ಸರಿಸಿ. ಡಬ್ಬಕ್ಕೆ ಮುಚ್ಚಳ ಕೂತ ಹಾಗೆ ಮೇಲಿನ ಸಾಲು ಕೆಳಗಿನದರ ಹೊರಗೆ ಇರಬೇಕು. ಮುಂದಿನ ಒಂದೆರಡು ಹಲ್ಲಾಗಲಿ, ಒಂದು ಪಕ್ಕದ ದವಡೆ ಹಲ್ಲಾಗಲಿ ಒಳಗೆ ಸೇರಿಕೊಂಡಿದ್ದರೆ ಅದು ಕ್ರಾಸ್‌ಬೈಟ್. ಬಾಯಿ ಮುಚ್ಚುವಾಗ ಕೊನೆ ಕ್ಷಣದಲ್ಲಿ ಗದ್ದ ಒಂದು ಪಕ್ಕಕ್ಕೆ ಜಾರುತ್ತದೆಯೇ ಎಂಬುದನ್ನೂ ಗಮನಿಸಿ.

ಹಾಗೆ ಜಾರಿಸಿಯೇ ಅಗಿಯುವ ಮಗುವಿನ ದವಡೆ ಬೆಳೆಯುವಾಗಲೂ ಓರೆಯಾಗಬಹುದು, ಮುಖದ ಎರಡು ಪಕ್ಕ ಒಂದೇ ಸಮ ಇರದೆ ಹೋಗಬಹುದು. ಮುಂದಿನ ಹಲ್ಲು ಅಡ್ಡ ಕೂತಿದ್ದರೆ ಅಂಚು ಸವೆಯುತ್ತದೆ, ಕೆಳಗಿನ ಹಲ್ಲಿನ ವಸಡು ಇಳಿಯುತ್ತದೆ.

ಚಿಕ್ಕ ವಯಸ್ಸಿನ ಲಾಭ ಇರುವುದು ಅಂಗುಳದಲ್ಲಿ. ಮೇಲ್ದವಡೆ ಎಂದರೆ ನಡುವೆ ಸೇರಿದ ಎರಡು ಭಾಗ. ಬಾಲ್ಯದಲ್ಲಿ ಆ ಜೋಡಣೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಎಕ್ಸ್‌ಪ್ಯಾಂಡರ್ ಎಂಬ ಸಾಧನ ಕೂರಿಸಿ, ಡಾಕ್ಟರು ಹೇಳಿದಷ್ಟು ಸಲ ಸಣ್ಣ ಕೀಲಿ ತಿರುಗಿಸಿದರೆ ಕೆಲವು ವಾರಗಳಲ್ಲಿ ದವಡೆ ಅಗಲವಾಗುತ್ತದೆ. ಹೊಸ ಮೂಳೆ ತುಂಬಲು ಇನ್ನೂ ಕೆಲವು ತಿಂಗಳು ಅದು ಬಾಯಲ್ಲೇ ಇರುತ್ತದೆ. ಹದಿಹರೆಯ ದಾಟಿ ಜೋಡಣೆ ಬೆಸೆದುಕೊಂಡ ಮೇಲೆ ಇದೇ ಕೆಲಸಕ್ಕೆ ಆಪರೇಷನ್ ಬೇಕಾಗಬಹುದು. ಮುಂದಿನ ಒಂದೆರಡು ಹಲ್ಲಿನದಾದರೆ ಸ್ಪ್ರಿಂಗ್ ಇರುವ, ತೆಗೆದು ಹಾಕುವ ಪ್ಲೇಟ್ ಸಾಕಾಗುವುದುಂಟು.

ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ 7 ವರ್ಷದೊಳಗೆ ಒಮ್ಮೆ ತೋರಿಸಿ ಎನ್ನುತ್ತದೆ. ಸುಮಾರು 6ಕ್ಕೇ ಮೊದಲ ಶಾಶ್ವತ ದವಡೆ ಹಲ್ಲು ಬಂದಿರುತ್ತದೆ. ಯಾವ ಹಲ್ಲೂ ಬೀಳದೆ ಹಿಂದೆ ಮೂಡುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿಯುವವರು ಬಹಳ!

ತೋರಿಸುವುದೆಂದರೆ ಕ್ಲಿಪ್ ಹಾಕಿಸುವುದು ಎಂದಲ್ಲ. ಮೇಲಿನ ಹಲ್ಲು ಬರೀ ಉಬ್ಬಿದ್ದರೆ, ಬೇಗ ಶುರು ಮಾಡಿದರೂ ಹದಿಹರೆಯದಲ್ಲಿ ಮಾಡಿದರೂ ಕೊನೆಗೆ ಸಿಗುವ ಫಲ ಹೆಚ್ಚುಕಡಿಮೆ ಒಂದೇ. ಬಿದ್ದಾಗ ಮುಂದಿನ ಹಲ್ಲಿಗೆ ಪೆಟ್ಟಾಗುವುದು ಕಡಿಮೆ ಆಗಬಹುದು, ಅಷ್ಟೇ. ಆದ್ದರಿಂದ "ಒಂದು ವರ್ಷ ಕಾದರೆ ಏನು ಕೆಡುತ್ತದೆ?" ಎಂದು ಸಂಕೋಚವಿಲ್ಲದೆ ಕೇಳಿ. ಭಾಷೆಯ ಚಿಂತೆ ಬೇಡ, ಕ್ರಾಸ್‌ಬೈಟ್ ಎಂದರೆ ಮರಾಠಿ ಡಾಕ್ಟರಿಗೂ ತಮಿಳು ಡಾಕ್ಟರಿಗೂ ಅರ್ಥವಾಗುತ್ತದೆ.

ಹೊರನಾಡಿನ ನಮ್ಮವರಲ್ಲಿ ಇನ್ನೊಂದು ರೂಢಿ: ರಜೆಗೆ ಊರಿಗೆ ಹೋದಾಗ ನೋಡೋಣ ಎನ್ನುವುದು. ತಪಾಸಣೆಗೆ ಅಡ್ಡಿಯಿಲ್ಲ. ಚಿಕಿತ್ಸೆಗೆ ಮಾತ್ರ ನಾಲ್ಕಾರು ವಾರಕ್ಕೊಮ್ಮೆ ಹೋಗಬೇಕು, ಹಾಗಾಗಿ ನೀವಿರುವ ಊರಲ್ಲೇ ಶುರು ಮಾಡಿ. ಖರ್ಚಿನ ಯೋಚನೆಯಿದ್ದರೆ ಮುಂಬಯಿಯ ಸರ್ಕಾರಿ ದಂತ ಕಾಲೇಜು ಮತ್ತು ನಾಯರ್ ದಂತ ಆಸ್ಪತ್ರೆ, ದೆಹಲಿಯ ಮೌಲಾನಾ ಆಜಾದ್ ದಂತ ಸಂಸ್ಥೆ, ಚೆನ್ನೈ ಮತ್ತು ಹೈದರಾಬಾದಿನ ಸರ್ಕಾರಿ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಕಾಯಬೇಕಾದೀತು, ಹೆಸರು ಬೇಗ ಬರೆಸಿ. ನಡುವೆ ಬೇರೆ ಊರಿಗೆ ವರ್ಗವಾದರೆ ಎಕ್ಸ್‌ರೇ, ಫೋಟೊ, ಹಲ್ಲಿನ ಅಚ್ಚು ಮತ್ತು ಇದುವರೆಗೆ ಏನು ಮಾಡಿದ್ದಾರೆ ಎಂಬ ಚೀಟಿ, ಇಷ್ಟನ್ನೂ ಕೇಳಿ ತೆಗೆದುಕೊಂಡೇ ಹೊರಡಿ.