ಸಣ್ಣ ದೋಣಿಗೆ ಎಷ್ಟು ಅಶ್ವಶಕ್ತಿ?

ಹುಟ್ಟು ಹಾಕಿ ದೋಣಿ ನಡೆಸುವವನಿಗೆ ತನ್ನ ತೋಳಿನ ಬಲವೆಷ್ಟೆಂಬುದು ಗೊತ್ತಿರುತ್ತದೆ. ಅದಕ್ಕೆ ತಕ್ಕ ದೋಣಿಯನ್ನೇ ಅವನು ನೀರಿಗಿಳಿಸುತ್ತಾನೆ. ಎಂಜಿನು ಕೊಳ್ಳಹೊರಟಾಗ ಮಾತ್ರ ಈ ಲೆಕ್ಕ ಮರೆತುಹೋಗುತ್ತದೆ. ಕೈಯಲ್ಲಿರುವ ದೋಣಿ ಒಂದು. ಅಂಗಡಿಯಲ್ಲಿರುವ ಎಂಜಿನುಗಳೋ ೨ ಅಶ್ವಶಕ್ತಿಯಿಂದ ಮೊದಲ್ಗೊಂಡು ೫, ೮, ೧೫, ೨೫ ಎಂದು ಸಾಲುಗಟ್ಟಿ ನಿಂತಿರುತ್ತವೆ. ಹೆಚ್ಚು ಶಕ್ತಿಯದನ್ನು ಕೊಂಡರೆ ಹೆಚ್ಚು ವೇಗ ಬಂದೇ ಬರುವುದೆಂದು ಬಹುಮಂದಿಯ ಎಣಿಕೆ. ಎಷ್ಟೋ ದೋಣಿಗಳ ವಿಷಯದಲ್ಲಿ ಈ ಎಣಿಕೆ ತಪ್ಪು. ಈ ತಪ್ಪಿನ ಬೆಲೆಯನ್ನು ಕೊಂಡ ದಿನವೇ ತೆತ್ತು ಮುಗಿಸುವಂತಿಲ್ಲ. ಎಣ್ಣೆಯ ರೂಪದಲ್ಲಿ ಪ್ರತಿದಿನವೂ ತೆರಬೇಕಾಗುತ್ತದೆ. ಕೆಲವು ವೇಳೆ ಪ್ರಾಣವನ್ನೇ ತೆರಬೇಕಾಗುವುದೂ ಉಂಟು. ಆದುದರಿಂದ ಎಂಜಿನನ್ನು ನೋಡುವ ಮೊದಲು ದೋಣಿಯನ್ನೂ ನೀರನ್ನೂ ಸ್ವಲ್ಪ ಸಾವಧಾನದಿಂದ ನೋಡೋಣ.

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದು ತೂಗುಹಾಕುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಎಂಜಿನೆಂದು ಹೆಸರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ ಎಂಬಾತನು ೧೯೦೯ರಲ್ಲಿ ಮಾರಾಟಕ್ಕೆ ತಂದ ಎಂಜಿನು ಕೇವಲ ಒಂದೂವರೆ ಅಶ್ವಶಕ್ತಿಯದು. ಅಷ್ಟರಿಂದಲೇ ಅದು ಜನರ ಮೆಚ್ಚುಗೆ ಪಡೆಯಿತು. ಇದರಲ್ಲಿ ಆಶ್ಚರ್ಯವಿಲ್ಲ. ೭೫ ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತಬಲ್ಲ ಸಾಮರ್ಥ್ಯಕ್ಕೆ ಒಂದು ಅಶ್ವಶಕ್ತಿಯೆನ್ನುತ್ತೇವೆ. ಮನುಷ್ಯನೊಬ್ಬನು ಬಹಳ ಹೊತ್ತು ದಣಿಯದೆ ದುಡಿಯುವಾಗ ಅವನಿಂದ ದೊರೆಯುವುದು ಸುಮಾರು ಇದರ ಹತ್ತನೆಯ ಒಂದು ಪಾಲು. ಹಾಗಾದರೆ ೧೦ ಅಶ್ವಶಕ್ತಿಯ ಎಂಜಿನೆಂದರೆ ನೂರು ಆಳಿನ ಬಲ. ಆದರೆ ನಾಲ್ಕು ಮಂದಿ ಹುಟ್ಟು ಹಾಕುವ ದೋಣಿಗೆ ಈ ನೂರಾಳಿನ ಬಲವನ್ನು ಕೊಟ್ಟರೆ ಅದರ ವೇಗ ಇಪ್ಪತ್ತೈದು ಮಡಿ ಏರುವುದೆ? ಇಲ್ಲ, ಇಮ್ಮಡಿಯ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ. ಉಳಿದ ಬಲವೆಲ್ಲ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಕ್ರಮವಾದ ಉತ್ತರವನ್ನು ಹುಡುಕಿದವನು ಇಂಗ್ಲೆಂಡಿನ ವಿಲಿಯಂ ಫ್ರೂಡ್. ಅವನು ೧೮೭೦ರ ದಶಕದಲ್ಲಿ ಟಾರ್ಕಿ ಎಂಬ ಊರಿನಲ್ಲಿ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿಸಿ, ಮೇಣದಿಂದ ಮಾಡಿದ ಹಡಗಿನ ಮಾದರಿಗಳನ್ನು ಅದರಲ್ಲಿ ಎಳೆಸಿ ನೀರಿನ ತಡೆಯನ್ನು ಅಳೆದನು. ನೀರು ದೋಣಿಯನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ತಡೆಯುತ್ತದೆ. ಒಂದು, ದೋಣಿಯ ಮೈಗೆ ನೀರು ಉಜ್ಜುವುದರಿಂದಾಗುವ ಘರ್ಷಣೆ. ಇನ್ನೊಂದು, ಮುಂದೆ ಸಾಗುವ ದೋಣಿ ತಾನೇ ಎಬ್ಬಿಸುವ ಅಲೆ. ಅಲೆಯನ್ನು ಎಬ್ಬಿಸಲು ಬೇಕಾದ ಶಕ್ತಿಯೂ ಎಂಜಿನಿನಿಂದಲೇ ಬರಬೇಕಷ್ಟೆ.

ಅಲೆಗೆ ಒಂದು ನಿಯಮವುಂಟು: ಅದು ವೇಗವಾದಷ್ಟೂ ಉದ್ದವಾಗುತ್ತದೆ. ದೋಣಿ ಮೆಲ್ಲಗೆ ಹೋಗುವಾಗ ಅದರ ಪಕ್ಕದಲ್ಲಿ ಹಲವು ಚಿಕ್ಕ ಅಲೆಗಳು ಕಾಣುತ್ತವೆ. ವೇಗ ಏರಿದಂತೆ ಅವು ನೀಳವಾಗಿ, ಕೊನೆಗೆ ಮುಂತುದಿಯಲ್ಲಿ ಒಂದು, ಹಿಂತುದಿಯಲ್ಲಿ ಒಂದು, ಹೀಗೆ ಎರಡೇ ಉಬ್ಬುಗಳು ಉಳಿಯುತ್ತವೆ. ಇನ್ನೂ ವೇಗ ಹೆಚ್ಚಿಸಿದರೆ ಹಿಂದಿನ ಉಬ್ಬು ದೋಣಿಯಿಂದ ಆಚೆಗೆ ಸರಿಯುತ್ತದೆ, ಹಿಂತುದಿ ತಗ್ಗಿಗೆ ಇಳಿಯುತ್ತದೆ, ಮುಂತುದಿ ಮೇಲಕ್ಕೇಳುತ್ತದೆ. ಆಗ ದೋಣಿ ತಾನೇ ಕಟ್ಟಿದ ನೀರಿನ ದಿಬ್ಬವನ್ನು ಹತ್ತುತ್ತಿರುವಂತೆ ಆಗುತ್ತದೆ. ದಿಬ್ಬವೂ ಅದರೊಡನೆ ಓಡುತ್ತಿರುವುದರಿಂದ ಈ ಹತ್ತಾಟಕ್ಕೆ ಕೊನೆಯೆಂಬುದಿಲ್ಲ.

ಈ ಎಲ್ಲೆಯನ್ನು ಸುಲಭವಾಗಿ ಲೆಕ್ಕ ಮಾಡಬಹುದು. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ನಾಲ್ಕೂವರೆಯಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರು ಎಂಬುದು ದೊರೆಯುತ್ತದೆ. ೪ ಮೀಟರಿನ ದೋಣಿಗೆ ಇದು ೯ ಕಿಲೋಮೀಟರು; ೯ ಮೀಟರಿನ ದೋಣಿಗೆ ಸುಮಾರು ಹದಿಮೂರೂವರೆ. ಇದಕ್ಕಿಂತ ಕೆಳಗಿನ ವೇಗದಲ್ಲಿಯೂ ಶಕ್ತಿಯ ಬೇಡಿಕೆ ವೇಗದ ಘನಕ್ಕೆ ಅನುಸಾರವಾಗಿ ಏರುತ್ತದೆ. ಗಂಟೆಗೆ ೮ ಕಿಲೋಮೀಟರು ಹೋಗುವ ದೋಣಿಯನ್ನು ೧೦ಕ್ಕೆ ಏರಿಸಬೇಕಾದರೆ ಹೆಚ್ಚುಕಡಿಮೆ ಇಮ್ಮಡಿ ಶಕ್ತಿ ಬೇಕು. ಅಷ್ಟೇ ದೂರಕ್ಕೆ ಒಂದೂವರೆ ಪಾಲಿಗಿಂತ ಹೆಚ್ಚು ಎಣ್ಣೆ ಉರಿಯುತ್ತದೆ. ಎಲ್ಲೆಯನ್ನು ಸಮೀಪಿಸಿದಂತೆ ಈ ಏರಿಕೆ ಇನ್ನೂ ಕಡಿದಾಗುತ್ತದೆ.

ಹಾಗಾದರೆ ವೇಗದ ಮೋಟಾರು ದೋಣಿಗಳು ಗಂಟೆಗೆ ೪೦ ಕಿಲೋಮೀಟರು ಓಡುವುದು ಹೇಗೆ? ಅವುಗಳ ಜಾತಿಯೇ ಬೇರೆ. ತಳ ಚಪ್ಪಟೆಯಾಗಿ, ಮೈ ಹಗುರವಾಗಿದ್ದರೆ, ಸಾಕಷ್ಟು ಶಕ್ತಿ ದೊರೆತೊಡನೆ ದೋಣಿ ತನ್ನ ಮುಂದಿನ ದಿಬ್ಬವನ್ನು ಹತ್ತಿ ದಾಟಿ, ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಕೊಳದ ಮೇಲೆ ಮಕ್ಕಳು ಓರೆಯಾಗಿ ಎಸೆದ ಬಿಲ್ಲೆಕಲ್ಲು ಪುಟಿಯುತ್ತ ಹೋಗುವುದನ್ನು ಇದಕ್ಕೆ ಹೋಲಿಸಬಹುದು. ಇಂಥ ಜಾರುದೋಣಿಗೆ ಒಟ್ಟು ಭಾರದಲ್ಲಿ ಸುಮಾರು ೨೦ ಕಿಲೋಗ್ರಾಮಿಗೆ ಒಂದು ಅಶ್ವಶಕ್ತಿ ಬೇಕೆಂಬುದು ಸ್ಥೂಲವಾದ ಲೆಕ್ಕ. ದೋಣಿ ೧೨೦, ಎಂಜಿನು ೪೦, ಇಬ್ಬರು ಜನ ೧೩೦, ಎಣ್ಣೆ ಮತ್ತು ಸಾಮಾನು ೩೦, ಹೀಗೆ ಒಟ್ಟು ೩೨೦ ಕಿಲೋಗ್ರಾಮಾದರೆ ೧೫ ಅಶ್ವಶಕ್ತಿಯ ಎಂಜಿನು ಸರಿಹೋದೀತು. ಅದೇ ದೋಣಿಗೆ ಐದು ಮಂದಿ ಹತ್ತಿದರೆ ಅದು ಮೇಲೇಳಲಾರದೆ, ಮುಂತುದಿಯನ್ನೆತ್ತಿ ಹಿಂತುದಿಯನ್ನು ಎಳೆಯುತ್ತ ಎಣ್ಣೆಯನ್ನು ನುಂಗುತ್ತದೆ.

ನಮ್ಮ ಕರಾವಳಿಯ ನಾಡದೋಣಿಯ ಮಾತೇ ಬೇರೆ. ಉದ್ದವಾಗಿ, ಬಲೆ ಮೀನುಗಳ ಭಾರ ಹೊತ್ತು ನೀರನ್ನು ಸೀಳಿ ಸಾಗುವ ದೋಣಿಯನ್ನು ಜಾರಿಸಲು ಹೊರಡುವುದು ವ್ಯರ್ಥ. ಇಂಥದಕ್ಕೆ ತುಂಬಿದ ಭಾರದ ಪ್ರತಿ ಟನ್ನಿಗೆ ೩ರಿಂದ ೪ ಅಶ್ವಶಕ್ತಿ ಸಾಕು. ೯ ಮೀಟರು ಉದ್ದದ ದೋಣಿ ತುಂಬಿದಾಗ ೨ ಟನ್ನು ತೂಗಿದರೆ ೮ ಅಶ್ವಶಕ್ತಿಯಾಯಿತು. ಎದುರುಗಾಳಿಗೂ ಸೆಳವಿಗೂ ಸ್ವಲ್ಪ ಮಿಗಿಸಿಟ್ಟು ೧೦ ಎಂದುಕೊಳ್ಳೋಣ. ಸೀಮೆಎಣ್ಣೆಯಿಂದ ನಡೆಯುವ ಎಂಜಿನಾದರೆ, ಅಷ್ಟೇ ಗಾತ್ರದ ಪೆಟ್ರೋಲು ಎಂಜಿನಿಗಿಂತ ಅದರ ಶಕ್ತಿ ಕಡಿಮೆಯೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ೧೦ರ ಬದಲು ೨೫ ಅಶ್ವಶಕ್ತಿಯದನ್ನು ತೂಗುಹಾಕಿದರೆ ಲಾಭವಾಗುವುದು ಹಿಂದಿನ ಅಲೆಗೆ, ಮನೆಗಲ್ಲ.

ಹಾಗೆಂದು ತೀರ ಚಿಕ್ಕದನ್ನು ಆರಿಸುವುದೂ ಜಾಣತನವಲ್ಲ. ಅಳಿವೆಯಲ್ಲಿ ಇಳಿತದ ಸೆಳವು ಗಂಟೆಗೆ ೫ ಕಿಲೋಮೀಟರು ಹರಿಯುತ್ತಿದ್ದರೆ, ೭ ಕಿಲೋಮೀಟರು ಓಡುವ ದೋಣಿ ದಡದತ್ತ ಸಾಗುವುದು ಗಂಟೆಗೆ ೨ ಕಿಲೋಮೀಟರು ಮಾತ್ರ. ಹಿಂದಿನಿಂದ ಅಲೆ ಮುರಿಯುವ ಅಂಥ ಸ್ಥಳದಲ್ಲಿ ಹೊತ್ತು ಕಳೆಯುವುದು ಅಪಾಯಕರ. ದೋಣಿಯನ್ನು ಹೊರಗೆ ಒಯ್ಯುವಷ್ಟು ಶಕ್ತಿ ಎಂಜಿನಿಗಿದ್ದರೆ ಸಾಲದು. ಗಾಳಿ ತಿರುಗಿದ ಮೇಲೂ ಒಳಗೆ ತರುವಷ್ಟಿರಬೇಕು.

ಮೇಲಿನ ಮಿತಿಯನ್ನು ನಿರ್ಣಯಿಸುವುದು ಹಿಂಬದಿಯ ಹಲಗೆ. ಭಾರವಾದ ಎಂಜಿನಿನಿಂದ ಅದು ತಗ್ಗಿದರೆ ಅಲೆಗಳು ಒಳನುಗ್ಗುತ್ತವೆ. ಹಗುರವಾದ ದೋಣಿ ಅತಿವೇಗದಲ್ಲಿ ತಿರುಗುವಾಗ ಮಗುಚಿಕೊಳ್ಳಲೂಬಹುದು. ಈ ಕಾರಣದಿಂದ ಅಮೆರಿಕದಲ್ಲಿ ೨೦ ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿಗಳಿಗೆ ಗರಿಷ್ಠ ಅಶ್ವಶಕ್ತಿಯನ್ನು ನಮೂದಿಸಿದ ಫಲಕ ಕಡ್ಡಾಯ. ಅಲ್ಲಿ ದೋಣಿಯ ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಿ ಈ ಮಿತಿಯನ್ನು ಕಂಡುಹಿಡಿಯುತ್ತಾರೆ. ೧೨ ಅಡಿ ಉದ್ದ, ೪ ಅಡಿ ಅಗಲದ ಚಪ್ಪಟೆ ತಳದ ದೋಣಿಗೆ ಆ ನಿಯಮದಂತೆ ೧೦ ಅಶ್ವಶಕ್ತಿಯೇ ಕೊನೆ.

ಇನ್ನು ಎರಡು ಮಾತು. ಎಂಜಿನಿನ ಕಾಲು ದೋಣಿಯ ಹಲಗೆಗೆ ಹೊಂದಬೇಕು. ೧೫ ಅಂಗುಲದ ಹಲಗೆಗೆ ಗಿಡ್ಡ ಕಾಲು, ೨೦ ಅಂಗುಲದ ಹಲಗೆಗೆ ಉದ್ದ ಕಾಲು. ಹೊಂದದಿದ್ದರೆ ಪ್ರೊಪೆಲ್ಲರು ಗಾಳಿಯನ್ನು ಎಳೆದುಕೊಂಡು ಸುಮ್ಮನೆ ಸುತ್ತುತ್ತದೆ, ಇಲ್ಲವೆ ಅನಾವಶ್ಯಕವಾಗಿ ಆಳಕ್ಕಿಳಿದು ತಡೆಯನ್ನು ಹೆಚ್ಚಿಸುತ್ತದೆ. ಪ್ರೊಪೆಲ್ಲರೂ ದೋಣಿಗೆ ತಕ್ಕುದಾಗಿರಬೇಕು: ಭಾರದ ದೋಣಿಗೆ ಅಗಲವಾಗಿದ್ದು, ಒಂದು ಸುತ್ತಿಗೆ ಸ್ವಲ್ಪವೇ ಮುಂದೆ ಸಾಗುವಂಥದು, ಹಗುರ ದೋಣಿಗೆ ಒಂದು ಸುತ್ತಿಗೆ ಹೆಚ್ಚು ದೂರ ಸಾಗುವಂಥದು. ಎತ್ತಿಗೆ ತಕ್ಕ ನೊಗವಿಲ್ಲದಿದ್ದರೆ ಬಲವಾದ ಎತ್ತೂ ಬಂಡಿಯನ್ನು ಎಳೆಯಲಾರದಷ್ಟೆ.

ಕೊಳ್ಳುವ ಮೊದಲು ಸಾಧ್ಯವಾದರೆ ಯಾರಿಂದಲಾದರೂ ಅಂಥದೇ ಎಂಜಿನನ್ನು ಎರವಲು ಪಡೆದು, ದೋಣಿಯಲ್ಲಿ ಪೂರ್ತಿ ಭಾರ ತುಂಬಿ, ಗಾಳಿಗೆ ಎದುರಾಗಿ ಒಮ್ಮೆ ನಡೆಸಿ ನೋಡುವುದು ಲೇಸು. ವೇಗವನ್ನು ಹೆಚ್ಚಿಸುತ್ತ ಹೋದಂತೆ ಹಿಂದಿನ ಅಲೆಯನ್ನು ಗಮನಿಸಬೇಕು. ದೋಣಿಯ ಓಟ ಹೆಚ್ಚದೆ ಅಲೆ ಮಾತ್ರ ಎತ್ತರವಾಗುತ್ತಿದ್ದರೆ, ಅಲ್ಲಿಗೆ ಆ ದೋಣಿ ತನಗೆ ಬೇಕಾದುದೆಷ್ಟೆಂಬುದನ್ನು ತಾನೇ ಹೇಳಿದಂತಾಯಿತು.