ಅತಿಥಿ ಮತ್ತು ಗಿರಾಕಿ: ಬಸವಕಲ್ಯಾಣ–ಹುಮನಾಬಾದ ಹೆದ್ದಾರಿಯ ಉಪಾಹಾರಗೃಹಗಳನ್ನು ಕುರಿತು ಒಂದು ವಿವೇಚನೆ

ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದುಹೋಗುತ್ತದೆ. ಹಿಂದೆ ಇದರ ಸಂಖ್ಯೆ ೯ ಆಗಿದ್ದಿತು, ಈಗ ೬೫. ಬಸವಕಲ್ಯಾಣ ಪಟ್ಟಣಕ್ಕೆ ಹೋಗತಕ್ಕವರು ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಯನ್ನು ಬಿಟ್ಟು ತಿರುಗಬೇಕು. ಹುಮನಾಬಾದಿನಲ್ಲಿ ಬೀದರ–ಕಲಬುರಗಿಗಳ ದಾರಿಯು ಇದನ್ನು ಸಂಧಿಸುತ್ತದೆ. ಇಂತಹ ಕೂಡುದಾರಿಗಳಲ್ಲಿ ಶೀಘ್ರೋಪಾಹಾರದ ಅಂಗಡಿಗಳು ಸಾಲಾಗಿ ಎದ್ದಿರುವುದು ಸಹಜವೇ. ಅವುಗಳಿಂದ ಹೊರಬರುವ ಪ್ರಯಾಣಿಕರ ಬಾಯಲ್ಲಿ ಅಸಮಾಧಾನದ ಮಾತುಗಳು ಕೇಳಿಬರುವುದೂ ಅಷ್ಟೇ ಸಾಮಾನ್ಯವಾಗಿದೆ. ತಿಂಡಿ ತಡವಾಗಿ ಬಂದಿತು, ಬಂದದ್ದು ತಣ್ಣಗಿದ್ದಿತು, ಕೇಳಿದ್ದಕ್ಕೆ ಉತ್ತರ ಕೊಡುವವರಿಲ್ಲ, ಚಿಲ್ಲರೆ ಹಿಂದಕ್ಕೆ ಬರಲಿಲ್ಲ ಎಂಬಿವೇ ಆ ದೂರುಗಳು. ಇವನ್ನು ಕ್ಷುಲ್ಲಕವೆಂದು ತಳ್ಳಿಹಾಕದೆ, ಇವುಗಳ ಹಿಂದಿರುವ ಕಾರಣಗಳನ್ನು ಚರಿತ್ರೆಯ ದೃಷ್ಟಿಯಿಂದ ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಬೇಯಿಸಿದ ಅನ್ನವನ್ನು ಮಾರುವುದು ನಮ್ಮ ದೇಶಕ್ಕೆ ಹೊಸತಾದುದೆಂದು ಕೆಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಅನ್ನವನ್ನೂ ಬೇಯಿಸಿದ ಮಾಂಸವನ್ನೂ ಮಾರುವವರ ಪ್ರಸ್ತಾಪವುಂಟು. ಆದರೆ ಗೌರವಕ್ಕೆ ಪಾತ್ರವಾದ ಅನ್ನವು ಯಾವಾಗಲೂ ಮಾರದ ಅನ್ನವೇ ಆಗಿದ್ದಿತೆಂಬುದನ್ನು ಒಪ್ಪಬೇಕು. ಉಣ್ಣಲು ಬಂದವನು ಅತಿಥಿ. ಕೊಳ್ಳಲು ಬಂದವನು ಗಿರಾಕಿ. ‘ಗಿರಾಕಿ’ ಎಂಬುದು ಗ್ರಾಹಕ ಶಬ್ದದಿಂದಲೇ ಹುಟ್ಟಿದ್ದರೂ ನಮ್ಮ ಆಡುಮಾತಿನಲ್ಲಿ ಅದಕ್ಕೆ ಕೊಂಚ ಹಗುರವಾದ ಅರ್ಥವು ಅಂಟಿಕೊಂಡಿರುವುದು ವಾಚಕರಿಗೆ ತಿಳಿದೇ ಇದೆ. ಹೆದ್ದಾರಿಯ ಅಂಗಡಿಗೆ ನಾವು ಗಿರಾಕಿಗಳಾಗಿ ಹೋಗುತ್ತೇವೆ. ಅತಿಥಿಗಳ ಮರ್ಯಾದೆಯನ್ನು ಅಪೇಕ್ಷಿಸುತ್ತೇವೆ. ಅಸಮಾಧಾನದ ಒಂದು ಬೇರು ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಈ ಅಪೇಕ್ಷೆಯು ಕಲ್ಯಾಣದ ನೆಲದಲ್ಲಿ ಇತರೆಡೆಗಳಿಗಿಂತ ಹೆಚ್ಚಾಗಿರುವುದಕ್ಕೆ ಕಾರಣವುಂಟು. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ (ಕ್ರಿ.ಶ. ೧೧೨೭–೧೧೩೮) ಹೆಸರಿನಲ್ಲಿರುವ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅನ್ನಭೋಗವೆಂಬ ಪ್ರಕರಣವಿದೆ. ಇಡ್ಡರಿಕೆ, ದೋಸಕ, ಮಂಡಕ, ವಟಿಕ ಮೊದಲಾದ ಭಕ್ಷ್ಯಗಳ ವಿಧಾನವು ಅಲ್ಲಿ ದೊರೆಯುತ್ತದೆ. ಆ ಇಡ್ಡರಿಕೆಯು ಉದ್ದಿನಿಂದ ಮಾಡತಕ್ಕದ್ದು; ಅಕ್ಕಿಯನ್ನು ಬೆರಸಿ ಹುಳಿಸುವ ಇಂದಿನ ಇಡ್ಲಿಯೊಡನೆ ಅದನ್ನು ಒಂದುಮಾಡಬಾರದು. ಅಡಿಗೆಯನ್ನು ಮಾಡುವ ಕ್ರಮದೊಡನೆ ಅದನ್ನು ಉಣ್ಣುವ ಕ್ರಮವೂ ಶಾಸ್ತ್ರದ ವಿಷಯವೆಂದು ಆ ರಾಜನು ಎಣಿಸಿದನೆಂಬುದು ನಮಗೆ ಮುಖ್ಯ. ಆದರೆ ಅದು ಅರಮನೆಯ ಪಂಕ್ತಿ. ಹಸಿದ ದಾರಿಹೋಕನಿಗೆ ಅಲ್ಲಿ ಎಲೆಯಿರಲಿಲ್ಲ.

ಸುಮಾರು ಒಂದು ತಲೆಮಾರಿನ ತರುವಾಯ, ಕಳಚುರಿ ಬಿಜ್ಜಳನ ಕಾಲದಲ್ಲಿ, ಅದೇ ಪಟ್ಟಣದಲ್ಲಿ ಬಸವಣ್ಣನವರ ಮಹಾಮನೆಯ ದಾಸೋಹವು ನಡೆಯಿತು. ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಉಣ್ಣುತ್ತಿದ್ದರೆಂಬ ಲೆಕ್ಕವು ಸಂಪ್ರದಾಯದ ಮಾತು. ಚರಿತ್ರಕಾರನು ಅದನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ಹಿಡಿಯಬೇಕಾದುದು ತತ್ತ್ವವನ್ನು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಬಡಿಸುವವನೇ ತಾನು ದಾಸನೆಂದು ಹೇಳಿಕೊಳ್ಳುತ್ತಾನೆ. ಆ ಅನ್ನವೂ ಕಾಯಕದಿಂದ ಸಂಪಾದಿಸಿದುದಾಗಿರಬೇಕು. ಬಡಿಸುವ ಕೆಲಸದಲ್ಲಿ ಕೀಳುತನವಿಲ್ಲವೆಂಬ ಈ ಭಾವನೆಯನ್ನು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಇದರ ಪ್ರಸಂಗವು ಬರುತ್ತದೆ. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (೧೮೧೭–೧೮೬೫) ಸಂಸ್ಥಾನವೂ ಮತಭೇದವಿಲ್ಲದೆ ಬಂದವರಿಗೆ ಅನ್ನವಿಕ್ಕುವುದರಲ್ಲಿ ಹೆಸರಾದುದು.

ಆದರೆ ಹಣಕ್ಕೆ ಅನ್ನವನ್ನು ಮಾರುವ ಹೋಟೆಲುಗಳ ಚರಿತ್ರೆಯು ಇಷ್ಟು ಉಜ್ಜ್ವಲವಲ್ಲ. ಅಲ್ಲಿಯ ಮೊದಲನೆಯ ದೂರು ತಿಂಡಿ ತಡವಾಯಿತೆಂಬುದಲ್ಲ, ಒಳಗೆ ಬಿಡಲಿಲ್ಲವೆಂಬುದು. ಜಾತಿಯನ್ನು ಕೇಳಿ ಹೊರಗೆ ನಿಲ್ಲಿಸುವುದು, ಬೇರೆ ಲೋಟವನ್ನಿಡುವುದು, ಅದನ್ನು ಕುಡಿದವನಿಂದಲೇ ತೊಳೆಸುವುದು, ಇವೆಲ್ಲವೂ ನಡೆದುವು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದದ ೨ನೆಯ ಖಂಡವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶದಲ್ಲಿ ಇಂತಹ ನಿರ್ಬಂಧವನ್ನು ನಿಷೇಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಅದನ್ನು ದಂಡನೀಯವನ್ನಾಗಿ ಮಾಡಿತು; ೧೯೭೬ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂದು ಹೆಸರಾಯಿತು. ಬೀದರವು ಆಗಿನ್ನೂ ಹೈದರಾಬಾದ ರಾಜ್ಯದಲ್ಲಿದ್ದಿತು. ಮೈಸೂರು ರಾಜ್ಯಕ್ಕೆ ಸೇರಿದ್ದು ೧೯೫೬ರ ನವೆಂಬರ್ ೧ರಂದು. ಇಂದು ಸೇವೆಯ ಕೊರತೆಯೆಂದು ನಾವು ಕರೆಯುವುದೆಲ್ಲವೂ, ಯಾರು ಬೇಕಾದರೂ ಒಳಗೆ ಹೋಗಿ ಕುಳಿತುಕೊಳ್ಳಬಹುದೆಂಬ ಈ ಹಕ್ಕು ದೊರೆತ ಮೇಲಿನ ಮಾತು.

ನಮ್ಮ ಭಾಗದ ಖಾನಾವಳಿಯೊಡನೆ ಹೆದ್ದಾರಿಯ ಅಂಗಡಿಯನ್ನು ಹೋಲಿಸಿ ನೋಡಿದರೆ ವಿಷಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಖಾನಾವಳಿಯಲ್ಲಿ ತಿಂಗಳ ಲೆಕ್ಕಕ್ಕೆ ಉಣ್ಣುವವರು ಹೆಚ್ಚು: ಗುಮಾಸ್ತರು, ಶಿಕ್ಷಕರು, ಊರು ಬಿಟ್ಟು ಬಂದ ವಿದ್ಯಾರ್ಥಿಗಳು. ಯಾರಿಗೆ ಖಾರ ಆಗದು, ಯಾರು ಎಷ್ಟು ರೊಟ್ಟಿ ತಿನ್ನುತ್ತಾರೆ ಎಂಬುದು ಒಲೆಯ ಮುಂದೆ ಕುಳಿತ ತಾಯಿಗೆ ಗೊತ್ತು. ಪಲ್ಯ ಕೆಟ್ಟಿದ್ದರೆ ಮರುದಿನವೇ ಮಾತು ಬರುತ್ತದೆ; ಎರಡು ದಿನ ಬಂದರೆ ನಾಲ್ಕು ಜನ ಬೇರೆ ಖಾನಾವಳಿಗೆ ಹೋಗುತ್ತಾರೆ. ಇಲ್ಲಿ ಕಾಯಿದೆಯ ಅಗತ್ಯವೇ ಬೀಳದು. ಹೆದ್ದಾರಿಯ ಅಂಗಡಿಗೆ ಬರುವವನಾದರೋ ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವವನು. ಆ ಅಂಗಡಿಯನ್ನು ಅವನು ಮತ್ತೆ ನೋಡಲಿಕ್ಕಿಲ್ಲ. ಅವನ ಕೋಪಕ್ಕೆ ಬೆಲೆಯಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಕಾರಣವಿದೆ. ಬಸ್ಸು ಯಾವ ಅಂಗಡಿಯ ಮುಂದೆ ನಿಲ್ಲಬೇಕೆಂಬುದನ್ನು ಅನೇಕ ವೇಳೆ ನಿರ್ಧರಿಸುವವನು ಚಾಲಕನು, ಪ್ರಯಾಣಿಕನಲ್ಲ. ಚಾಲಕನಿಗೂ ನಿರ್ವಾಹಕನಿಗೂ ಪ್ರತ್ಯೇಕವಾದ ಮೇಜು, ಬಿಸಿಯಾದ ಊಟ, ಹಣ ಕೇಳದ ಸೌಜನ್ಯ, ಇವೆಲ್ಲವೂ ಹೆದ್ದಾರಿಗಳಲ್ಲಿ ಎಲ್ಲರೂ ಕಂಡಿರತಕ್ಕ ಸಂಗತಿಗಳು. ಹಾಗಾದರೆ ಅಂಗಡಿಯವನ ನಿಜವಾದ ಗಿರಾಕಿ ಯಾರು? ನಾಳೆಯೂ ಬರತಕ್ಕ ಆ ಚಾಲಕನೇ. ಅವನ ಸೇವೆಯಲ್ಲಿ ಕೊರತೆಯಾಗುವುದಿಲ್ಲ. ಅಲ್ಲದೆ ಬಸ್ಸಿನ ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದಿಲ್ಲ. ಐವತ್ತು ಜನ ಒಟ್ಟಿಗೆ ಇಳಿಯುತ್ತಾರೆ, ಸಮಯವೋ ಕಾಲು ಗಂಟೆ. ದಿನದ ಸರಾಸರಿಗೆ ಸಾಕಾಗುವಂತೆ ಕಟ್ಟಿದ ಅಡಿಗೆಮನೆಯು ಎರಡು ಬಸ್ಸುಗಳು ಏಕಕಾಲಕ್ಕೆ ಬಂದಾಗ ಸೋಲುತ್ತದೆ. ಇದು ಯಾರ ದುರುದ್ದೇಶವೂ ಅಲ್ಲ, ಗಣಿತ.

ನಾವು ಕೆಲವು ವಿದ್ಯಾರ್ಥಿಗಳೊಡನೆ ಬಸವಕಲ್ಯಾಣದ ಕೋಟೆಯನ್ನು ನೋಡಿಕೊಂಡು ಹಿಂದಿರುಗುತ್ತಿದ್ದಾಗ ಇಂತಹದೊಂದು ಅಂಗಡಿಯಲ್ಲಿ (ಹೆಸರು ಇಲ್ಲಿ ಅನಾವಶ್ಯಕ) ಮುಂಗಡ ಹಣ ಕೊಟ್ಟು ಚೀಟಿ ಪಡೆದು ಮುಕ್ಕಾಲು ಗಂಟೆ ನಿಂತೆವು. ಕೊನೆಗೆ ಅರ್ಧ ತಿಂಡಿ ಮುಗಿದುಹೋಗಿದೆ ಎಂಬ ಉತ್ತರ ಬಂದಿತು. ಹಣವನ್ನು ಹಿಂದಿರುಗಿಸಿರೆಂದರೆ, ಚೀಟಿ ಹರಿದ ಮೇಲೆ ಕೊಡುವ ಪದ್ಧತಿಯಿಲ್ಲವೆಂದರು. ರಸೀತಿ ಕೇಳಿದರೆ ಗಲ್ಲೆಯ ಮೇಲೆ ಕುಳಿತವರು ನಕ್ಕರು. ನಮ್ಮವರಲ್ಲಿ ಒಬ್ಬನು ಸಿಟ್ಟನ್ನೆಲ್ಲ ಬಡಿಸುವ ಹುಡುಗನ ಮೇಲೆ ತೀರಿಸಿಕೊಂಡನು. ಆ ಹುಡುಗನು ಮರುಮಾತಾಡದೆ ಮೇಜನ್ನು ಒರೆಸುತ್ತಿದ್ದನು. ಚೀಟಿ ಮಾರಿದವನು ಅವನಲ್ಲ, ತಿಂಡಿ ಎಷ್ಟು ಉಳಿದಿದೆಯೆಂದು ನೋಡದೆ ಹಣ ತೆಗೆದುಕೊಂಡವನೂ ಅವನಲ್ಲ. ಕಲ್ಯಾಣದ ದಾಸೋಹವನ್ನು ಅಂದು ಬೆಳಗ್ಗೆಯೇ ವಿದ್ಯಾರ್ಥಿಗಳಿಗೆ ವಿವರಿಸಿದ್ದ ನಮಗೆ ಈ ದೃಶ್ಯವು ಹಸಿವಿಗಿಂತ ಹೆಚ್ಚು ಕಷ್ಟವನ್ನುಂಟುಮಾಡಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳ ಕೆಲಸಕ್ಕೆ ಇಟ್ಟುಕೊಳ್ಳುವುದು ೨೦೦೬ರ ಅಕ್ಟೋಬರ್ ೧೦ರಿಂದಲೇ ನಿಷಿದ್ಧವಾಗಿದೆಯೆಂಬುದನ್ನು ಪ್ರಸಂಗವಶಾತ್ ಹೇಳಬೇಕು.

ಶೀಘ್ರೋಪಾಹಾರವೆಂಬುದು ಒಂದು ಒಪ್ಪಂದ. ೧೯೮೦ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಹುಟ್ಟಿದಾಗ ಗಿರಾಕಿಯು ಕುರ್ಚಿಯನ್ನೂ ಬಡಿಸುವವನನ್ನೂ ಬಿಟ್ಟುಕೊಟ್ಟನು. ಅದಕ್ಕೆ ಪ್ರತಿಯಾಗಿ ಕಡಮೆ ಬೆಲೆ, ಬೇಗ ಬರುವ ತಿಂಡಿ, ಕಣ್ಣೆದುರಿನ ಅಡಿಗೆ ಇವನ್ನು ಪಡೆದನು. ೧೯೯೫ರಲ್ಲಿ ಅದೇ ನಗರದ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಅಂಗಡಿ ತೆರೆದಾಗ ರೈತಸಂಘದವರು ಎತ್ತಿದ ಆಕ್ಷೇಪಗಳು ಬೇರೆಯ ಬಗೆಯವು. ಅವು ಇಲ್ಲಿ ಪ್ರಸ್ತುತವಲ್ಲ. ಹೆದ್ದಾರಿಯ ಅನೇಕ ಅಂಗಡಿಗಳು ಈ ಒಪ್ಪಂದದ ಮೊದಲರ್ಧವನ್ನು ಮಾತ್ರ ಉಳಿಸಿಕೊಂಡಿವೆ. ಗಿರಾಕಿಯು ನಿಲ್ಲಬೇಕು, ಮುಂಗಡ ಕೊಡಬೇಕು, ತಟ್ಟೆಯನ್ನು ತಾನೇ ತರಬೇಕು. ಆದರೆ ಬೇಗವೂ ಇಲ್ಲ, ಅಗ್ಗವೂ ಇಲ್ಲ.

ಇನ್ನು ಪರಿಹಾರದ ಮಾತು. ೧೯೮೬ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಪ್ರಯಾಣಿಕನಿಗೆ ಒಂದು ದೊಡ್ಡ ತೊಡಕಿದ್ದಿತು. ಎದುರುಪಕ್ಷದವನಿರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ಮಾತ್ರ ದೂರನ್ನು ಸಲ್ಲಿಸಬೇಕಾಗಿದ್ದಿತು. ಹುಮನಾಬಾದಿನಲ್ಲಿ ಮೋಸಹೋದ ಹೈದರಾಬಾದಿನವನು ನೂರು ರೂಪಾಯಿಯ ತಿಂಡಿಗಾಗಿ ಬೀದರಕ್ಕೆ ಅಲೆದಾನೆ? ೨೦೨೦ರ ಜುಲೈ ೨೦ರಂದು ಜಾರಿಗೆ ಬಂದ ೨೦೧೯ರ ಅಧಿನಿಯಮವು ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರಲು ಅವಕಾಶ ಕೊಟ್ಟಿತು. ಮತ್ತೆ ಬರಲಾರದ ಗಿರಾಕಿಗೆ ಇದು ಬಹು ಮಹತ್ತ್ವದ ಬದಲಾವಣೆಯೆಂದು ನಮ್ಮ ಅಭಿಪ್ರಾಯ. ೫ ಲಕ್ಷ ರೂಪಾಯಿಗಳವರೆಗಿನ ದೂರಿಗೆ ಶುಲ್ಕವಿಲ್ಲ. ಅವಧಿ ೨ ವರ್ಷ. ೧೯೧೫ ಎಂಬ ರಾಷ್ಟ್ರೀಯ ಸಹಾಯವಾಣಿಗೆ ಮೊದಲು ತಿಳಿಸಿ ನೋಡುವುದೂ ಸಾಧ್ಯ. ಬಿಲ್ಲು ಕೊಡದಿರುವುದು ಈ ಅಧಿನಿಯಮದ ಮೇರೆಗೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದು.

ಎಲ್ಲ ದೂರುಗಳೂ ನಿಲ್ಲುವುವೆಂದಲ್ಲ. ಮೇಜಿಗೆ ತಂದುಕೊಡುವ ನೀರಿನ ಬಾಟಲಿಗೆ ಹೋಟೆಲಿನವರು ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರ ಡಿಸೆಂಬರಿನಲ್ಲಿ ತೀರ್ಮಾನಿಸಿದೆ. ಅಲ್ಲಿ ಮಾರಾಟದೊಡನೆ ಸೇವೆಯೂ ಬೆರೆತಿದೆಯೆಂಬುದು ಅದರ ತರ್ಕ. ಸೇವಾಶುಲ್ಕವನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದೆಂಬ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ೨೦೨೨ರ ಜುಲೈ ೪ರ ಸೂಚನೆಗಳನ್ನಾದರೋ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ೨೦೨೫ರ ಮಾರ್ಚ್ ೨೮ರಂದು ಎತ್ತಿಹಿಡಿಯಿತು.

ಹೆದ್ದಾರಿಯಲ್ಲಿ ನಿಜವಾದ ಕಷ್ಟವಿರುವುದು ಸಾಕ್ಷ್ಯದಲ್ಲಿ. ರಸೀತಿಯಿಲ್ಲದಿದ್ದರೆ ದೂರವಾಣಿಯ ಮೂಲಕ ಪಾವತಿ ಮಾಡಿದ ದಾಖಲೆಯು ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿ ಅಂಗಡಿಯ ಹೆಸರಿಗೆ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರಿರುವುದು ಅಪರೂಪವಲ್ಲ. ೨೦೨೨ರ ಜನವರಿ ೧ರಿಂದ ಆಹಾರ ವ್ಯಾಪಾರಿಗಳು ತಮ್ಮ ೧೪ ಅಂಕೆಗಳ ಪರವಾನಗಿ ಅಥವಾ ನೋಂದಣಿಯ ಸಂಖ್ಯೆಯನ್ನು ಬಿಲ್ಲಿನ ಮೇಲೆ ನಮೂದಿಸಬೇಕೆಂಬ ನಿಯಮವಿದೆ. ಅಂಗಡಿಯ ಗೋಡೆಯ ಮೇಲೆಯೂ ಅದು ಕಾಣುವಂತಿರಬೇಕು. ಬಿಲ್ಲು ಸಿಕ್ಕದ ಪ್ರಯಾಣಿಕನು ಬಸ್ಸು ಹೊರಡುವುದಕ್ಕೆ ಮೊದಲು ಆ ಸಂಖ್ಯೆಯನ್ನೂ ಫಲಕವನ್ನೂ ಚಿತ್ರ ತೆಗೆದುಕೊಂಡರೆ, ದೂರಿನಲ್ಲಿ ಎದುರುಪಕ್ಷದವನು ಯಾರೆಂದು ಬರೆಯುವುದಕ್ಕೆ ಅಷ್ಟು ಸಾಕಾಗುತ್ತದೆ.