ತುಂಡಾದ ಬೆರಳನ್ನು ನೇರವಾಗಿ ಐಸ್‌ನಲ್ಲಿ ಇಡಬಹುದೇ?

“ಬೆರಳು ತುಂಡಾದರೆ ತಕ್ಷಣ ಐಸ್‌ನಲ್ಲಿ ಹಾಕಿ ಆಸ್ಪತ್ರೆಗೆ ಓಡಿ” ಎನ್ನುವ ಸಲಹೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಅರ್ಧ ಸತ್ಯ. ಹಾಗೆಯೇ ಪಾಲಿಸಿದರೆ ಮತ್ತೆ ಜೋಡಿಸಬಹುದಾಗಿದ್ದ ಬೆರಳೂ ಕೈತಪ್ಪಬಹುದು.

ತಂಪು ಬೇಕು, ನಿಜ. ರಕ್ತ ಸಿಗದಿದ್ದರೂ ಜೀವಕೋಶಗಳು ಕೆಲವು ಗಂಟೆ ಬದುಕಿರುತ್ತವೆ. ತಂಪಿದ್ದಷ್ಟೂ ಅವುಗಳಿಗೆ ಬೇಕಾಗುವ ಆಮ್ಲಜನಕ ಕಡಿಮೆ. ಆದರೆ ಐಸ್ ನೇರವಾಗಿ ತಾಗಿದರೆ ಬೆರಳು ಮರಗಟ್ಟಿ, ಜೀವಕೋಶಗಳು ಒಡೆಯುತ್ತವೆ. ಬೆರಳಿನ ರಕ್ತನಾಳದ ಅಗಲ ಸುಮಾರು 1 ಮಿಲಿಮೀಟರ್ ಅಷ್ಟೇ. ಅದನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕು. ನಾಳದ ಒಳಪದರವೇ ಕೆಟ್ಟಿದ್ದರೆ ಎಷ್ಟು ಚೆನ್ನಾಗಿ ಹೊಲಿದರೂ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಗಾಯಗೊಂಡವರನ್ನು ನೋಡಿ, ಬೆರಳನ್ನು ಆಮೇಲೆ. ಗಾಯದ ಮೇಲೆ ಶುಭ್ರ ಬಟ್ಟೆ ಒತ್ತಿ ಹಿಡಿದು ಕೈಯನ್ನು ಮೇಲಕ್ಕೆತ್ತಿ, 108ಕ್ಕೆ ಕರೆ ಮಾಡಿ. ಅರಿಶಿನ, ಕಾಫಿ ಪುಡಿ ಬೇಡ. (ನಮ್ಮ ಎಷ್ಟೋ ಮನೆಗಳಲ್ಲಿ ಗಾಯಕ್ಕೆ ಮೊದಲ ಮದ್ದೇ ಕಾಫಿ ಪುಡಿ!) ಬೆರಳಿಗೆ ಮಣ್ಣು ಅಂಟಿದ್ದರೆ ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ. ಸಲೈನ್ ಅಥವಾ ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಗಟ್ಟಿಯಾಗಿ ಕಟ್ಟಿ. ಆ ಕವರನ್ನು ಐಸ್ ಬೆರೆಸಿದ ನೀರಿನಲ್ಲಿಡಿ. ಫ್ರೀಜರ್‌ನಲ್ಲಿ ಇಡಲೇಬೇಡಿ.

ಹೀಗೆ ತಂಪಾಗಿಟ್ಟ ಬೆರಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಜೋಡಿಸಲು ಪ್ರಯತ್ನಿಸಬಹುದು. ಹಾಗೇ ಬಿಟ್ಟರೆ ಸುಮಾರು 12 ಗಂಟೆ. ಬೆರಳಿನಲ್ಲಿ ಸ್ನಾಯು ಇಲ್ಲದಿರುವುದೇ ಇದಕ್ಕೆ ಕಾರಣ. ಸ್ನಾಯು ತುಂಬಿದ ಮುಂಗೈ ತುಂಡಾದರೆ ಇಷ್ಟು ಸಮಯ ಸಿಗುವುದಿಲ್ಲ, ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಪೂರ್ತಿ ತುಂಡಾದ ಹೆಬ್ಬೆರಳನ್ನು ಜಪಾನಿನ ವೈದ್ಯರಾದ ಕೊಮಾತ್ಸು ಮತ್ತು ತಮಾಯ್ 1965ರಲ್ಲೇ ಯಶಸ್ವಿಯಾಗಿ ಜೋಡಿಸಿದ್ದರು. ಇಂದು ಮೈಕ್ರೋಸರ್ಜರಿ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗಳಲ್ಲಿ ಇದು ಸಾಧ್ಯ. ಹಾಗಂತ ಪ್ರತಿ ಬೆರಳೂ ಉಳಿಯುತ್ತದೆ ಎಂದಲ್ಲ. ಹರಿತವಾಗಿ ಕತ್ತರಿಸಿದ ಬೆರಳಿಗಿರುವ ಅವಕಾಶ ಕಬ್ಬಿನ ಗಾಣದಲ್ಲಿ ಸಿಕ್ಕಿ ಜಜ್ಜಿಹೋದದ್ದಕ್ಕೆ ಇರುವುದಿಲ್ಲ. ಹೆಬ್ಬೆರಳಾದರೆ, ಗಾಯಗೊಂಡದ್ದು ಮಗುವಾದರೆ, ವೈದ್ಯರು ಕಷ್ಟವೆನಿಸಿದರೂ ಪ್ರಯತ್ನಿಸುತ್ತಾರೆ. ಹೆಬ್ಬೆರಳಿಲ್ಲದೆ ಪೆನ್ನು ಹಿಡಿಯುವುದಾಗಲಿ, ಅಂಗಿಯ ಗುಂಡಿ ಹಾಕುವುದಾಗಲಿ ಎಷ್ಟು ಕಷ್ಟ ಎಂದು ಒಮ್ಮೆ ಮಾಡಿ ನೋಡಿ. ಆದ್ದರಿಂದ ತುಂಡನ್ನು ನೋಡಿ “ಇದು ಆಗಲ್ಲ” ಎಂದು ನೀವೇ ಎಸೆಯಬೇಡಿ.

ಬೆರಳು ಚರ್ಮದ ಎಳೆಯಲ್ಲಿ ನೇತಾಡುತ್ತಿದ್ದರೆ ಅದನ್ನು ಕತ್ತರಿಸಬೇಡಿ. ಆ ಎಳೆಯಲ್ಲೇ ಒಂದು ರಕ್ತನಾಳ ಉಳಿದಿರಬಹುದು.